ಸೊಳ್ಳೆಗೆ ಚಳಿ ಯಾವ ಲೆಕ್ಕ?

(ಕಳೆದ ತಿಂಗಳು ನಮ್ಮೂರಿನ ಗ್ರಂಥಾಲಯದ ಮಹಡಿಯಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅವಸರದಲ್ಲಿ ಬಿಟ್ಟುಹೋಗಿದ್ದ ಒಂದೆರಡು ಸಂಗತಿ ಸೇರಿಸಿದ್ದೇನೆ. ಕೇಳಿದವರ ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೂವತ್ತು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿದವಳು ನಾನು. ಸೊಳ್ಳೆಯ ಜೀವನಚಕ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಮೊಟ್ಟೆ, ಲಾರ್ವಾ, ಪ್ಯೂಪಾ, ಸೊಳ್ಳೆ. ಆದರೂ ಕಳೆದ ಜೂನ್‌ನಲ್ಲಿ ಫಿನ್ಲೆಂಡಿಗೆ ಹೊರಟಾಗ, ಪೆಟ್ಟಿಗೆಗೆ ಹಾಕಿದ್ದ ಓಡೋಮಸ್ ಟ್ಯೂಬನ್ನು ತೆಗೆದು ಹೊರಗಿಟ್ಟೆ. ಅಷ್ಟು ಚಳಿಯ ದೇಶಕ್ಕೆ ಇದೇಕೆ ಅಂತ.

ಅಕ್ಕನ ಮಗ ಅಲ್ಲಿನ ಓಲು ಎಂಬ ಊರಿನಲ್ಲಿದ್ದಾನೆ. ಅವನ ಕಾರಿನಲ್ಲಿ ಇಡೀ ದಿನ ಉತ್ತರಕ್ಕೆ ಹೋಗಿ, ಇನಾರಿ ಸರೋವರದ ಹತ್ತಿರ ನಿಂತೆವು. ಅದು ಸುಮಾರು 69 ಡಿಗ್ರಿ ಉತ್ತರ ಅಕ್ಷಾಂಶ. ನಮ್ಮ ಬೆಂಗಳೂರು 13 ಡಿಗ್ರಿ. ರಾತ್ರಿ ಹತ್ತು ಗಂಟೆ ಆಗಿದ್ದರೂ ಬಿಸಿಲು ನಮ್ಮ ಸಂಜೆ ಐದರ ಬಿಸಿಲಿನ ಹಾಗಿತ್ತು. ಕಾರಿನ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಅವನು, "ಚಿಕ್ಕಮ್ಮ, ತಡೀರಿ, ಇದನ್ನ ಹಾಕ್ಕೊಳ್ಳಿ" ಅಂತ ಒಂದು ಟೋಪಿ ಕೊಟ್ಟ. ಟೋಪಿಯ ಸುತ್ತ ಭುಜದವರೆಗೆ ಇಳಿಬಿಟ್ಟ ಸೊಳ್ಳೆ ಪರದೆ.

ಜೌಗು ನೆಲದ ಮೇಲೆ ಹಲಗೆ ಹಾಸಿದ ದಾರಿ. ಹತ್ತು ಹೆಜ್ಜೆ ಇಟ್ಟಿದ್ದೆವೋ ಇಲ್ಲವೋ, ಪರದೆಯ ಸುತ್ತ ಗುಂಯ್ ಅನ್ನುವ ಸದ್ದು ತುಂಬಿಕೊಂಡಿತು. ತೋಳಿನ ಮೇಲೆ ಒಂದು ಕೂತಿತು. ಹೊಡೆಯದೆ ನೋಡಿದೆ. ನಮ್ಮ ಮನೆಯ ಸೊಳ್ಳೆಗಿಂತ ದಪ್ಪ. ಕಂದು ಮೈ. ಹಾರಾಟ ನಿಧಾನ, ಕೈ ಎತ್ತಿದರೂ ಓಡಿಹೋಗುವ ಆತುರ ಇಲ್ಲ. ಬಟ್ಟೆಯ ನೇಯ್ಗೆಯಲ್ಲಿ ಸೂಜಿ ಇಳಿಸಲು ಜಾಗ ಹುಡುಕುತ್ತಿತ್ತು.

ಹಲಗೆಯ ಪಕ್ಕದಲ್ಲೇ ಒಂದು ಹೊಂಡ. ಊಟದ ಮೇಜಿನಷ್ಟು ಅಗಲ. ನೀರಿಗೆ ಹಾಲು ಹಾಕದ ಟೀ ಬಣ್ಣ. ಮಂಡಿಯೂರಿ ಬಗ್ಗಿದೆ. ಬಿಸಿಲು ಬೀಳುವ ಅಂಚಿನಲ್ಲಿ, ಒಂದು ಗೇಣು ಜಾಗದಲ್ಲಿ, ಲಾರ್ವಾಗಳೂ ಪ್ಯೂಪಾಗಳೂ ಕಿಕ್ಕಿರಿದಿದ್ದವು. ನೆರಳಿನ ಕಡೆ ಒಂದೂ ಇರಲಿಲ್ಲ. ಎರಡೂ ಕಡೆ ಬೆರಳು ಅದ್ದಿ ನೋಡಿದೆ. ನೆರಳಲ್ಲಿ ಬೆರಳು ಜುಮ್ಮೆನ್ನುವಷ್ಟು ತಣ್ಣಗೆ, ಬಿಸಿಲಿನ ಅಂಚಿನಲ್ಲಿ ಉಗುರುಬೆಚ್ಚಗೆ. "ಒಂದು ತಿಂಗಳ ಹಿಂದೆ ಇಲ್ಲೆಲ್ಲಾ ಹಿಮ ಇತ್ತು ಚಿಕ್ಕಮ್ಮ" ಅಂದ ಹುಡುಗ.

ಇವತ್ತಿನ ಮಾತೆಲ್ಲ ಹುಟ್ಟಿದ್ದು ಆ ಹೊಂಡದಲ್ಲಿ. ಊರಿಗೆ ಬಂದ ಮೇಲೆ ಓದಲು ಕೂತೆ. ಸೊಳ್ಳೆ ಎಷ್ಟು ಉತ್ತರದವರೆಗೆ ಇದೆ? ಎಲ್ಲಿಗೆ ಹೋದರೆ ಇಲ್ಲ? ಓದುತ್ತಾ ಹೋದ ಹಾಗೆ ನನಗೆ ಅರ್ಥ ಆದದ್ದು ಇಷ್ಟು. ಚಳಿ ಎಷ್ಟು ಜೋರು ಅನ್ನುವುದರ ಮೇಲೆ ಸೊಳ್ಳೆಯ ಎಲ್ಲೆ ನಿಂತಿಲ್ಲ. ಬೇಸಿಗೆಯಲ್ಲಿ ಕೆಲವು ವಾರವಾದರೂ ನೀರು ನಿಲ್ಲುತ್ತದಾ, ಬಂದ ಚಳಿ ಒಂದೇ ಸಮ ಇರುತ್ತದಾ, ಅಷ್ಟು ದಿನ ಮಲಗಲು ಒಂದು ಜಾಗ ಸಿಗುತ್ತದಾ, ಇದು ಮುಖ್ಯ.

ಮೊದಲು ಆ ಎಲ್ಲೆ ಎಲ್ಲಿದೆ ನೋಡೋಣ. ಕೆನಡಾದ ತುತ್ತತುದಿಯಲ್ಲಿ ಎಲ್ಸ್‌ಮಿಯರ್ ಎಂಬ ದ್ವೀಪ ಇದೆ. ಅದರ ಉತ್ತರ ಭಾಗದಲ್ಲಿ ಹೇಜನ್ ಎಂಬ ಸರೋವರ. ಸುಮಾರು 82 ಡಿಗ್ರಿ ಅಕ್ಷಾಂಶ. ಅಲ್ಲಿಂದ ಉತ್ತರ ಧ್ರುವಕ್ಕೆ ಬರೀ 900 ಕಿಲೋಮೀಟರ್ ಚಿಲ್ಲರೆ. ಚಳಿಗಾಲದಲ್ಲಿ ಮೈನಸ್ 40 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ತಿಂಗಳುಗಟ್ಟಲೆ ಸೂರ್ಯ ಕಾಣುವುದಿಲ್ಲ. ಅಲ್ಲಿ ಸೊಳ್ಳೆ ಇದೆ. ಒಂದಲ್ಲ, ಎರಡು ಜಾತಿ, ಏಡಿಸ್ ನಿಗ್ರಿಪೆಸ್ ಮತ್ತು ಏಡಿಸ್ ಇಂಪಿಗರ್. ನಮ್ಮ ಡೆಂಗಿ ಸೊಳ್ಳೆಯ ದಾಯಾದಿಗಳು ಇವು. ಅಲ್ಲಿಂದ ಇನ್ನೊಂದು ಡಿಗ್ರಿ ಚಿಲ್ಲರೆ ಮೇಲೆ ಹೋದರೆ ನೆಲವೇ ಮುಗಿದು ಹೆಪ್ಪುಗಟ್ಟಿದ ಸಮುದ್ರ ಶುರುವಾಗುತ್ತದೆ. ಅಂದರೆ ಹೆಚ್ಚುಕಡಿಮೆ ನೆಲ ಇರುವ ತನಕ ಸೊಳ್ಳೆ ಇದೆ. ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳಲ್ಲೂ, 78 ಡಿಗ್ರಿಯಲ್ಲಿ, ನಿಗ್ರಿಪೆಸ್ ಇದೆ. ಗ್ರೀನ್‌ಲ್ಯಾಂಡಿನಲ್ಲಂತೂ ಬೇಸಿಗೆ ಬಂದರೆ ದಂಡುದಂಡು.

ಇಲ್ಲಿ ಒಬ್ಬರು ಮೇಷ್ಟ್ರು ಕೈ ಎತ್ತಿ ಕೇಳಿದರು: "ಮೇಡಂ, ಅಷ್ಟು ಚಳಿಗೆ ಅದು ಸಾಯಲ್ವಾ?"

ಸಾಯುತ್ತದೆ. ಹಾರುವ ಸೊಳ್ಳೆ ಶರತ್ಕಾಲಕ್ಕೇ ಸತ್ತುಹೋಗುತ್ತದೆ. ಉಳಿಯುವುದು ಮೊಟ್ಟೆ. ಈ ಮೊಟ್ಟೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ನಮ್ಮ ಚರಂಡಿಯ ಕ್ಯೂಲೆಕ್ಸ್ ಸೊಳ್ಳೆ ನೀರಿನ ಮೇಲೆ ಮೊಟ್ಟೆ ಇಡುತ್ತದೆ. ಉತ್ತರ ಧ್ರುವದ ಕಡೆಯ ಈ ಏಡಿಸ್ ನೀರಿನಲ್ಲಿ ಇಡುವುದೇ ಇಲ್ಲ. ಹೊಂಡದ ಅಂಚಿನ ಒದ್ದೆ ಪಾಚಿಯಲ್ಲಿ, ಮಣ್ಣಿನ ಸಂದಿಯಲ್ಲಿ ಇಡುತ್ತದೆ. ಫಿಲಿಪ್ ಕಾರ್ಬೆಟ್ ಎಂಬ ಕೀಟತಜ್ಞ 1960ರ ದಶಕದಲ್ಲಿ ಹೇಜನ್ ಸರೋವರದ ಬಳಿ ಇವುಗಳನ್ನು ಹತ್ತಿರದಿಂದ ನೋಡಿದರು. ಏರೋಪ್ಲೇನ್ ಚಿಟ್ಟೆಗಳ ಬಗ್ಗೆ ಅವರು ದೊಡ್ಡ ಹೆಸರು. ತಾಯಿ ಸೊಳ್ಳೆ ಹೊಂಡದ ಯಾವುದೋ ಒಂದು ಅಂಚನ್ನು ಆರಿಸುವುದಿಲ್ಲ, ಬಿಸಿಲಿಗೆ ಮುಖ ಮಾಡಿದ, ವಸಂತದಲ್ಲಿ ಎಲ್ಲಕ್ಕಿಂತ ಮೊದಲು ಹಿಮ ಕರಗುವ ಅಂಚನ್ನೇ ಆರಿಸುತ್ತದೆ ಅನ್ನುವುದು ಅಲ್ಲಿ ಗೊತ್ತಾಯಿತು. ಮರಿಯ ಮುಖ ತಾಯಿ ಎಂದೂ ನೋಡುವುದಿಲ್ಲ. ಅದು ಹುಟ್ಟುವುದು ಮುಂದಿನ ವರ್ಷ. ಆದರೂ ಮುಂದಿನ ವರ್ಷದ ಬಿಸಿಲು ಎಲ್ಲಿ ಮೊದಲು ಬೀಳುತ್ತದೋ ಅಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ. ನನಗೆ ಇದನ್ನು ಓದಿದಾಗ ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂರಬೇಕು ಅನ್ನಿಸಿತು.

ಮೊಟ್ಟೆಯೊಳಗೆ ಮರಿ ಬೆಳೆದು, ಅಲ್ಲೇ ನಿಂತುಬಿಡುತ್ತದೆ. ಮೇಲೆ ಹಿಮ ಬೀಳುತ್ತದೆ. ಹಿಮ ಅಂದರೆ ಚಳಿ ಅಂತ ನಾವು ತಿಳಿಯುತ್ತೇವೆ. ಆದರೆ ಹಿಮದ ಹರಳುಗಳ ಮಧ್ಯೆ ಗಾಳಿ ಸಿಕ್ಕಿಕೊಂಡಿರುತ್ತದೆ, ಹತ್ತಿಯ ಹಾಸಿಗೆಯಲ್ಲಿ ಇರುವ ಹಾಗೆ. ಹೊರಗಿನ ಚಳಿ ಪೂರ್ತಿ ಒಳಗೆ ಇಳಿಯುವುದಿಲ್ಲ. ಹಿಮ ಈ ಮೊಟ್ಟೆಗೆ ಕಂಬಳಿ.

ಇನ್ನು ನೀರು. ಮಳೆಯ ಲೆಕ್ಕದಲ್ಲಿ ಎಲ್ಸ್‌ಮಿಯರ್ ಒಂದು ಮರುಭೂಮಿ. ಹಾಗಿದ್ದರೂ ಜೂನ್ ಬಂದರೆ ಎಲ್ಲೆಲ್ಲೂ ಹೊಂಡ. ಕಾರಣ ನೆಲದಡಿ ಇದೆ. ಮೇಲಿನ ಒಂದಿಷ್ಟು ಮಣ್ಣು ಬಿಟ್ಟರೆ ಕೆಳಗಿನ ನೆಲ ಬೇಸಿಗೆಯಲ್ಲೂ ಕರಗದೆ ಕಲ್ಲಿನ ಹಾಗೆ ಹೆಪ್ಪುಗಟ್ಟಿರುತ್ತದೆ. ನಮ್ಮಲ್ಲಿ ಕೃಷಿ ಹೊಂಡ ತೋಡಿದರೆ ನೀರು ಇಂಗದಿರಲಿ ಅಂತ ತಳಕ್ಕೆ ಟಾರ್ಪಾಲು ಹಾಸುತ್ತೇವಲ್ವಾ, ಹಾಗೆ. ಕರಗಿದ ಹಿಮದ ನೀರು ಕೆಳಗೆ ಇಳಿಯಲು ದಾರಿ ಇಲ್ಲ. ಹೀಗೆ ಆ ಚಳಿಯೇ ಸೊಳ್ಳೆಗೆ ಕೆರೆ ಕಟ್ಟಿಕೊಡುತ್ತದೆ.

ಆಮೇಲೆ ಓಟ. ನಮ್ಮಲ್ಲಿ ಬೇಸಿಗೆಯ ಸೆಕೆಗೆ ಮೊಟ್ಟೆಯಿಂದ ಸೊಳ್ಳೆ ಆಗಲು ಒಂದು ವಾರ, ಹತ್ತು ದಿನ ಸಾಕು. ಅಲ್ಲಿ ವಾರಗಟ್ಟಲೆ ಬೇಕು. ಅದಕ್ಕೇ ಲಾರ್ವಾ ಬಿಸಿಲಿನ ಅಂಚು ಬಿಟ್ಟು ಕದಲುವುದಿಲ್ಲ. ಅದರ ಮೈ ಕಪ್ಪು, ಬಿಸಿಲು ಹೀರಲು ಅನುಕೂಲ. ಇನಾರಿಯ ಹೊಂಡದಲ್ಲಿ ನಾನು ಬೆರಳು ಅದ್ದಿ ಕಂಡದ್ದು ಇದನ್ನೇ. ವರ್ಷಕ್ಕೆ ಒಂದೇ ತಲೆಮಾರು. ಒಂದು ಅವಕಾಶ ತಪ್ಪಿದರೆ ಇನ್ನೊಂದು ಇಲ್ಲ.

ಹಾರಲು ಶುರು ಮಾಡಿದ ಮೇಲೂ ಮೈ ಬೆಚ್ಚಗಿರಬೇಕು. ಅದಕ್ಕೆ ಒಂದು ಹೂವು ಇದೆ. ಡ್ರಯಾಸ್ ಅಂತ ಅದರ ಹೆಸರು. ಗುಲಾಬಿಯ ಕುಟುಂಬದ್ದು, ನೆಲಕ್ಕೆ ಅಂಟಿಕೊಂಡು ಬೆಳೆಯುತ್ತದೆ. ಬಟ್ಟಲಿನ ಆಕಾರದ ಬಿಳಿ ಹೂವು, ನಡುವೆ ಹಳದಿ. ಸೂರ್ಯ ಮುಳುಗದೆ ಸುತ್ತುತ್ತಿದ್ದರೆ ಹೂವೂ ಅದರ ಜೊತೆ ತಿರುಗುತ್ತದೆ. ದಳಗಳಿಗೆ ಬಿದ್ದ ಬಿಸಿಲು ಬಟ್ಟಲಿನ ನಡುವೆ ಸೇರಿ, ಅಲ್ಲಿ ಹೊರಗಿನ ಗಾಳಿಗಿಂತ ಹಲವು ಡಿಗ್ರಿ ಬೆಚ್ಚಗಿರುತ್ತದೆ. ಸೊಳ್ಳೆಗಳು ಅಲ್ಲಿ ಹೋಗಿ ಕೂರುತ್ತವೆ. ಮಕರಂದ ಕುಡಿಯುತ್ತವೆ, ಬಿಸಿಲು ಕಾಯಿಸುತ್ತವೆ. ಚಳಿಗಾಲದ ಬೆಳಿಗ್ಗೆ ನಮ್ಮಜ್ಜಂದಿರು ಅಂಗಳದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕಾಫಿ ಕುಡಿಯುತ್ತಿದ್ದ ಹಾಗೆ. ಸೊಳ್ಳೆಯಿಂದ ಕೆಲವು ಹೂವುಗಳಿಗೂ ಲಾಭ ಇದೆ. ಉತ್ತರದ ಕಾಡುಗಳಲ್ಲಿ ಪುಟ್ಟದೊಂದು ಆರ್ಕಿಡ್ ಇದೆ, ಅದರ ಪರಾಗ ಸಾಗಿಸುವ ಮುಖ್ಯ ಕೆಲಸಗಾರರು ಸೊಳ್ಳೆಗಳೇ. ಪರಾಗದ ಹಳದಿ ಉಂಡೆ ಸೊಳ್ಳೆಯ ಕಣ್ಣಿಗೆ ಅಂಟಿಕೊಂಡಿರುತ್ತದೆ.

ರಕ್ತ ಸಿಗದಿದ್ದರೆ? ಹೇಜನ್ ಹತ್ತಿರ ಕಸ್ತೂರಿ ಎತ್ತು, ಮೊಲ, ಹಕ್ಕಿ ಬಿಟ್ಟರೆ ಕಚ್ಚಲು ಯಾರಿದ್ದಾರೆ? ಕಾರ್ಬೆಟ್ ಅಲ್ಲಿ ಕಂಡ ಇನ್ನೊಂದು ಸಂಗತಿ ಇದು. ರಕ್ತ ಸಿಕ್ಕರೆ ಆ ಸೊಳ್ಳೆ ಕುಡಿಯುತ್ತದೆ. ಸಿಗದಿದ್ದರೆ ಲಾರ್ವಾ ಆಗಿದ್ದಾಗ ಮೈಯಲ್ಲಿ ಕೂಡಿಟ್ಟಿದ್ದನ್ನೇ ಬಳಸಿ ಕೆಲವೇ ಕೆಲವು ಮೊಟ್ಟೆ ಇಡುತ್ತದೆ.

ಎಲ್ಲ ಸೊಳ್ಳೆಗಳೂ ಮೊಟ್ಟೆಯಾಗಿ ಚಳಿ ಕಳೆಯುವುದಿಲ್ಲ. ಮಲೇರಿಯಾ ಹರಡುವ ಅನಾಫಿಲಿಸ್, ನಮ್ಮ ಚರಂಡಿಯ ಕ್ಯೂಲೆಕ್ಸ್ ಜಾತಿಗಳಲ್ಲಿ ಗಂಡಿನೊಡನೆ ಕೂಡಿದ ಹೆಣ್ಣು ಮೈಯಲ್ಲಿ ಕೊಬ್ಬು ತುಂಬಿಕೊಂಡು ನೆಲಮಾಳಿಗೆ, ಗುಹೆ, ದನದ ಕೊಟ್ಟಿಗೆ ಸೇರಿ ಮಲಗುತ್ತದೆ. ಉತ್ತರ ಅಮೆರಿಕದಲ್ಲಿ ಹೂಜಿ ಗಿಡ ಅಂತ ಕೀಟ ತಿನ್ನುವ ಗಿಡವೊಂದಿದೆ. ಅದರ ಎಲೆಯ ಹೂಜಿಯಲ್ಲಿ ನಿಂತ ನೀರೇ ವಯೊಮಿಯಾ ಸ್ಮಿತಿ ಎಂಬ ಸೊಳ್ಳೆಯ ಮನೆ. ಚಳಿಗಾಲದಲ್ಲಿ ಆ ನೀರು ಗಡ್ಡೆ ಕಟ್ಟುತ್ತದೆ, ಲಾರ್ವಾ ಅದರೊಳಗೇ ಇರುತ್ತದೆ. ಯಾವಾಗ ಮಲಗಬೇಕು ಅನ್ನುವುದನ್ನು ಅದು ಚಳಿ ನೋಡಿ ತಿಳಿಯುವುದಿಲ್ಲ, ಹಗಲು ಎಷ್ಟು ಗಂಟೆ ಇದೆ ಅನ್ನುವುದರಿಂದ ತಿಳಿಯುತ್ತದೆ. ಒರೆಗಾನ್ ವಿಶ್ವವಿದ್ಯಾಲಯದ ಬ್ರಾಡ್‌ಶಾ ಮತ್ತು ಹೋಲ್ಜಪ್‌ಫೆಲ್ ಎಂಬ ದಂಪತಿ 1972ರಿಂದ 1996ರವರೆಗಿನ ಮಾದರಿಗಳನ್ನು ಹೋಲಿಸಿ ನೋಡಿದರು. ಉತ್ತರದ ಸೊಳ್ಳೆಗಳು ಮೊದಲಿಗಿಂತ ಒಂಬತ್ತು ದಿನದಷ್ಟು ತಡವಾಗಿ ಮಲಗುತ್ತಿದ್ದವು. ಬೇಸಿಗೆ ಉದ್ದವಾದ ಹಾಗೆ, ಅವುಗಳ ವಂಶವಾಹಿಯೇ ಅದಕ್ಕೆ ಹೊಂದಿಕೊಂಡು ಬದಲಾಗಿತ್ತು. 2001ರಲ್ಲಿ ಇದು ಪ್ರಕಟವಾಯಿತು.

ಈಗ ಐಸ್‌ಲ್ಯಾಂಡ್. ನನ್ನ ಮಾತಿಗೆ ದೊಡ್ಡ ಸಾಕ್ಷಿ ಈ ದೇಶ.

ಗ್ರೀನ್‌ಲ್ಯಾಂಡಿಗೆ ಹೋಲಿಸಿದರೆ ಐಸ್‌ಲ್ಯಾಂಡ್ ಬೆಚ್ಚಗಿನ ಜಾಗ. ಸಮುದ್ರದ ಬಿಸಿ ಪ್ರವಾಹ ತಾಗುವುದರಿಂದ ಚಳಿಗಾಲವೂ ಅಷ್ಟು ಕಠಿಣ ಇಲ್ಲ. ಜೌಗು, ಕೆರೆ ಬೇಕಾದಷ್ಟು. ಹಾಗಿದ್ದೂ 2025ರವರೆಗೆ ಅಲ್ಲಿ ಹೊರಗಡೆ ಒಂದೇ ಒಂದು ಸೊಳ್ಳೆ ಸಿಕ್ಕಿರಲಿಲ್ಲ. ಅಂಟಾರ್ಟಿಕಾ ಬಿಟ್ಟರೆ ಸೊಳ್ಳೆ ಇಲ್ಲದ ನಾಡು ಅಂತ ಹೆಸರಾಗಿತ್ತು. ಹಾಗಾದರೆ ಚಳಿ ಜಾಸ್ತಿ ಇರುವ ಗ್ರೀನ್‌ಲ್ಯಾಂಡಿನಲ್ಲಿ ಇರುವ ಸೊಳ್ಳೆ, ಚಳಿ ಕಡಿಮೆ ಇರುವ ಪಕ್ಕದ ಐಸ್‌ಲ್ಯಾಂಡಿನಲ್ಲಿ ಯಾಕಿಲ್ಲ?

ಅಲ್ಲಿನ ವಿಜ್ಞಾನಿ ಗಿಸ್ಲಿ ಮಾರ್ ಗಿಸ್ಲಾಸನ್ ಒಂದು ವಿವರಣೆ ಕೊಟ್ಟಿದ್ದಾರೆ. ಗ್ರೀನ್‌ಲ್ಯಾಂಡಿನಲ್ಲಿ ನೀರು ಒಮ್ಮೆ ಹೆಪ್ಪುಗಟ್ಟಿದರೆ ವಸಂತದವರೆಗೆ ಹಾಗೇ ಇರುತ್ತದೆ. ಐಸ್‌ಲ್ಯಾಂಡಿನಲ್ಲಿ ಚಳಿಗಾಲದ ನಡುವೆಯೇ ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ, ಮತ್ತೆ ಕರಗುತ್ತದೆ. ನೀರು ಕರಗಿದಾಗ ಸೊಳ್ಳೆ ಬೆಳೆಯಲು ಹೊರಟರೆ, ಅದು ಮುಗಿಯುವ ಮೊದಲೇ ಮತ್ತೆ ಗಡ್ಡೆ. ನಿದ್ದೆಯಿಂದ ಎಬ್ಬಿಸಿ, ಎಬ್ಬಿಸಿ ಸಾಯಿಸಿದ ಹಾಗೆ. ಒಂದೇ ಸಮನೆ ಇರುವ ಮೈನಸ್ 40ನ್ನು ಸೊಳ್ಳೆ ತಡೆಯುತ್ತದೆ, ಹೋಗಿ ಬಂದು ಮಾಡುವ ಚಳಿಯನ್ನು ತಡೆಯಲಾರದು.

2025ರ ಅಕ್ಟೋಬರಿನಲ್ಲಿ ಇದೂ ಬದಲಾಯಿತು. ರಾಜಧಾನಿ ರೇಕ್ಯಾವಿಕ್‌ನ ಉತ್ತರಕ್ಕೆ ಇರುವ ಕ್ಯೋಸ್ ಎಂಬ ಕಡೆ, ಕೀಟಗಳಲ್ಲಿ ಆಸಕ್ತಿ ಇರುವ ಒಬ್ಬರು ಪತಂಗ ಹಿಡಿಯಲು ವೈನ್‌ನಲ್ಲಿ ನೆನೆಸಿದ ಹಗ್ಗ ಕಟ್ಟಿದ್ದರು. ಅದಕ್ಕೆ ಮೂರು ಸೊಳ್ಳೆ ಬಂದವು. ಎರಡು ಹೆಣ್ಣು, ಒಂದು ಗಂಡು. ಜಾತಿ ಕ್ಯುಲಿಸೆಟಾ ಆನ್ಯುಲಾಟಾ. ಈ ಜಾತಿಯೇ ಯಾಕೆ ಅನ್ನುವುದನ್ನು ಯೋಚಿಸಿ ನೋಡಿ. ಇದು ದೊಡ್ಡ ಸೊಳ್ಳೆ ಆದಮೇಲೆ ನೆಲಮಾಳಿಗೆ, ಕೊಟ್ಟಿಗೆಗಳಲ್ಲಿ ಚಳಿ ಕಳೆಯುವ ಜಾತಿ. ಹೊಂಡ ಎಷ್ಟು ಸಲ ಕರಗಿ ಹೆಪ್ಪುಗಟ್ಟಿದರೂ ಅದಕ್ಕೇನು? ಆ ಚಳಿಗಾಲದಲ್ಲಿ ಅದು ನೀರಿನಲ್ಲಿ ಇರಬೇಕಾಗಿಲ್ಲ. ಅಲ್ಲೇ ನೆಲೆ ನಿಲ್ಲುತ್ತದಾ ಅನ್ನುವುದನ್ನು ಮುಂದಿನ ಬೇಸಿಗೆಗಳು ಹೇಳಬೇಕು.

ಮನೆಯೊಳಗೆ ಬಂದು ಮಲಗುವ ಸೊಳ್ಳೆ ಅಂದೆನಲ್ಲ, ಅದಕ್ಕೆ ಸೇರಿದ ಒಂದು ಹಳೆಯ ಕಥೆ ಇದೆ. ಫಿನ್ಲೆಂಡಿನಲ್ಲಿ ಮಲೇರಿಯಾ ಇತ್ತು. ಹೌದು, ಫಿನ್ಲೆಂಡಿನಲ್ಲೇ. ನಾವು ಮಲೇರಿಯಾವನ್ನು ಚಳಿಜ್ವರ ಅನ್ನುತ್ತೇವೆ. ಫಿನ್ನಿಷ್ ಭಾಷೆಯಲ್ಲಿ ಅದಕ್ಕೆ ಹೊರ್ಕಾ ಅನ್ನುತ್ತಾರೆ, ನಡುಗಿಸುವ ಜ್ವರ ಅಂತಲೇ ಅರ್ಥ. ಪಕ್ಕದ ಸ್ವೀಡನ್‌ನಲ್ಲೂ ಎಷ್ಟು ಇತ್ತೆಂದರೆ ಅಲ್ಲಿನ ಹೆಸರಾಂತ ಸಸ್ಯವಿಜ್ಞಾನಿ ಲಿನೇಯಸ್ 1735ರಲ್ಲಿ ವೈದ್ಯ ಪದವಿಗೆ ಬರೆದ ಪ್ರಬಂಧದ ವಿಷಯವೇ ಈ ಜ್ವರ. ಜೇಡಿಮಣ್ಣು ಸೇರಿದ ನೀರು ಕಾರಣ ಅಂತ ಆತ ಊಹಿಸಿದ. ಸೊಳ್ಳೆಯ ಪಾತ್ರ ಗೊತ್ತಾಗಲು ಇನ್ನೂ ನೂರಾ ಅರವತ್ತು ವರ್ಷ ಬೇಕಿತ್ತು.

ಅದನ್ನು ಕಂಡುಹಿಡಿದ ರೊನಾಲ್ಡ್ ರಾಸ್‌ಗೂ ನಮ್ಮ ಬೆಂಗಳೂರಿಗೂ ನಂಟಿದೆ. 1883ರಲ್ಲಿ ಅವರು ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದರು. ತಮ್ಮ ಬಂಗಲೆಯಲ್ಲಿ ಸೊಳ್ಳೆ ಯಾಕಿಷ್ಟು ಅಂತ ಹುಡುಕಿ, ಹೊರಗಿನ ನೀರಿನ ತೊಟ್ಟಿಯಲ್ಲಿ ಲಾರ್ವಾ ಕಂಡು, ನೀರು ಚೆಲ್ಲಿಸಿದರು. ಸೊಳ್ಳೆ ಕಡಿಮೆಯಾಯಿತು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ಅವರು ಕಂಡದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ.

ಫಿನ್ಲೆಂಡಿನ ಮಾತಿಗೆ ಬರೋಣ. ಅಲ್ಲಿದ್ದದ್ದು ವೈವಾಕ್ಸ್ ಮಲೇರಿಯಾ, ನಮ್ಮಲ್ಲೂ ಇರುವುದೇ. ಇದರ ಪರಾವಲಂಬಿ ಸೊಳ್ಳೆಯೊಳಗೆ ಬೆಳೆಯಲು ಸುಮಾರು 16 ಡಿಗ್ರಿ ಶಾಖವಾದರೂ ಬೇಕು, ಅದೂ ವಾರಗಟ್ಟಲೆ. ಹೊರಗೆ ಅಷ್ಟು ಸಿಗುವುದು ಕಷ್ಟ. ಫಿನ್ಲೆಂಡಿನ ಸಂಶೋಧಕರು ಹಳೆಯ ದಾಖಲೆಗಳನ್ನು ತೆಗೆದು ನೋಡಿ 2005ರಲ್ಲಿ ಒಂದು ಉತ್ತರ ಕೊಟ್ಟರು. ಬೇಸಿಗೆ ಮುಗಿಯುವಾಗ ಅನಾಫಿಲಿಸ್ ಹೆಣ್ಣುಗಳು ಬೆಚ್ಚಗಿನ ಮರದ ಮನೆಗಳೊಳಗೆ ಬರುತ್ತಿದ್ದವು. ಒಂದೇ ಕೋಣೆಯಲ್ಲಿ ದೊಡ್ಡ ಕುಟುಂಬ, ಹಗಲೂ ರಾತ್ರಿ ಉರಿಯುವ ಒಲೆ. ಪರಾವಲಂಬಿಗೆ ಬೇಕಾದ ಶಾಖ ಅಲ್ಲೇ ಸಿಕ್ಕಿತು. ಉತ್ತರದ ವೈವಾಕ್ಸ್ ಮನುಷ್ಯನ ಪಿತ್ತಜನಕಾಂಗದಲ್ಲಿ ಎಂಟು ಒಂಬತ್ತು ತಿಂಗಳು ಸದ್ದಿಲ್ಲದೆ ಮಲಗಿದ್ದು, ಹೊಸ ಸೊಳ್ಳೆ ಬರುವ ಹೊತ್ತಿಗೆ ಎದ್ದು ಜ್ವರ ಬರಿಸುತ್ತಿತ್ತು. ಸೊಳ್ಳೆ ಮಲಗುತ್ತದೆ, ಅದರ ಜೊತೆಗಾರನೂ ಮಲಗುತ್ತಾನೆ. ಕುಟುಂಬಗಳು ಚಿಕ್ಕದಾಗಿ, ಮಲಗುವ ಕೋಣೆಗಳು ಬೇರೆಯಾದ ಹಾಗೆ ಆ ದೇಶದಲ್ಲಿ ಮಲೇರಿಯಾ ತಾನಾಗೇ ಕಡಿಮೆಯಾಯಿತು. ರಷ್ಯಾದಲ್ಲಿ ಮಾತ್ರ 1920ರ ದಶಕದ ಶುರುವಿನ ಕ್ಷಾಮದ ವರ್ಷಗಳಲ್ಲಿ ಅದು ಅರ್ಖಾಂಗೆಲ್ಸ್ಕ್‌ವರೆಗೆ, 64 ಡಿಗ್ರಿಯವರೆಗೆ ಹೋಗಿತ್ತು. ಹಸಿವು, ವಲಸೆ, ಒಂದೇ ಕಡೆ ತುಂಬಿಕೊಂಡ ಜನ. ಕಾಯಿಲೆಯ ಎಲ್ಲೆ ಸೊಳ್ಳೆಯ ಎಲ್ಲೆಗಿಂತ ಬೇರೆ. ಅದನ್ನು ಎಳೆಯುವುದು ಜನ ಬದುಕುವ ರೀತಿ.

ಮುಂದಿನ ಸಾಲಿನಲ್ಲಿದ್ದ ಒಬ್ಬ ಆಶಾ ಕಾರ್ಯಕರ್ತೆ ಕೇಳಿದರು: "ಮೇಡಂ, ನಮ್ ಡೆಂಗಿ ಸೊಳ್ಳೆ ಅಲ್ಲಿಗೆ ಹೋಗುತ್ತಾ?"

ಮನೆಮನೆಗೆ ಹೋಗಿ ಡ್ರಮ್ಮು, ತೊಟ್ಟಿಗಳಲ್ಲಿ ಟಾರ್ಚ್ ಹಾಕಿ ಲಾರ್ವಾ ಹುಡುಕುವವರು ಅವರು. ಅವರಿಗೆ ಹೇಳಿದ್ದು ಇದು. ಡೆಂಗಿಯ ಮುಖ್ಯ ಸೊಳ್ಳೆ ಏಡಿಸ್ ಈಜಿಪ್ಟಿಯ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ, ಆದರೆ ಹೆಪ್ಪುಗಟ್ಟಿದರೆ ತಡೆಯುವುದಿಲ್ಲ. ಅದರ ತಂಗಿ ಹುಲಿ ಸೊಳ್ಳೆ, ಏಡಿಸ್ ಆಲ್ಬೊಪಿಕ್ಟಸ್, ನಮ್ಮ ತೋಟಗಳಲ್ಲಿ ಇರುವುದು, ಅದರ ವಿಷಯ ಬೇರೆ. ತಂಪು ನಾಡಿನ ಹುಲಿ ಸೊಳ್ಳೆಗಳಲ್ಲಿ, ಹಗಲು ಗಿಡ್ಡವಾದದ್ದನ್ನು ಗುರುತಿಸಿದ ತಾಯಿ ಚಳಿಗಾಲ ಪೂರ್ತಿ ಮಲಗುವ ಮೊಟ್ಟೆ ಇಡುತ್ತದೆ. ಹಳೆ ಟೈರುಗಳ ಜೊತೆ ಅದು ಯುರೋಪು ಸೇರಿತು. 2007ರಲ್ಲಿ ಇಟಲಿಯ ಒಂದು ಹಳ್ಳಿಯಲ್ಲಿ ಅದರ ಮೂಲಕ ಚಿಕೂನ್‌ಗುನ್ಯಾ ಹಬ್ಬಿತು, ಕೇರಳದಿಂದ ಹೋದ ಒಬ್ಬರ ರಕ್ತದಲ್ಲಿ ಆ ವೈರಸ್ ಇತ್ತು. 2025ರಲ್ಲಿ ಫ್ರಾನ್ಸಿನಲ್ಲೇ ಸ್ಥಳೀಯವಾಗಿ ನೂರಾರು ಜನಕ್ಕೆ ಬಂತು. 2006ರಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಜನ ಗೋಡೆ ಹಿಡಿದು ನಡೆದದ್ದು ನಿಮಗೆ ನೆನಪಿರಬೇಕು. ಫಿನ್ಲೆಂಡಿಗೆ ಹುಲಿ ಸೊಳ್ಳೆ ಬರುವ ಮೊದಲೇ ಅಂಥದ್ದೇ ಒಂದು ಕೀಲುನೋವಿನ ಜ್ವರ ಇದೆ. ಪೊಗೊಸ್ತಾ ರೋಗ. ಚಿಕೂನ್‌ಗುನ್ಯಾದ ಹತ್ತಿರದ ನೆಂಟ, ಸಿಂಡ್‌ಬಿಸ್ ಎಂಬ ವೈರಸ್ಸಿನಿಂದ ಬರುವುದು. ಹಕ್ಕಿಗಳಿಂದ ಸೊಳ್ಳೆಗೆ, ಸೊಳ್ಳೆಯಿಂದ ಮನುಷ್ಯರಿಗೆ. 1974ರಿಂದ 2002ರವರೆಗೆ ಏಳೇಳು ವರ್ಷಕ್ಕೊಮ್ಮೆ ಜೋರಾಗಿ ಬಂದಿತ್ತು.

ಭೂಮಿ ಬಿಸಿಯಾದರೆ ಉತ್ತರದ ಸೊಳ್ಳೆಗೆ ಏನಾಗುತ್ತದೆ ಅನ್ನುವುದನ್ನು ಗ್ರೀನ್‌ಲ್ಯಾಂಡಿನ ಕಾಂಗರ್ಲುಸ್ಸುವಾಕ್ ಬಳಿ ಲಾರೆನ್ ಕಲ್ಲರ್ ಮತ್ತು ಜೊತೆಯವರು ಹೊಂಡ ಹೊಂಡವಾಗಿ ಅಳೆದರು. ಅಲ್ಲಿ ಲಾರ್ವಾಗಳನ್ನು ತಿನ್ನುವ ನೀರು ಜೀರುಂಡೆ ಇದೆ. ನೀರು ಬಿಸಿಯಾದರೆ ಜೀರುಂಡೆ ಜಾಸ್ತಿ ತಿನ್ನುತ್ತದೆ. ಆದರೆ ಲಾರ್ವಾ ಅದಕ್ಕಿಂತ ಬೇಗ ಬೆಳೆದು ಹಾರಿಹೋಗುತ್ತದೆ. 2 ಡಿಗ್ರಿ ಏರಿದರೆ ಬದುಕಿ ಹಾರುವ ಸೊಳ್ಳೆಯ ಸಾಧ್ಯತೆ 53 ಶೇಕಡ ಹೆಚ್ಚುತ್ತದೆ ಅಂತ 2015ರಲ್ಲಿ ಬರೆದರು.

ಇದರ ಪೆಟ್ಟು ಮೊದಲು ಬೀಳುವುದು ಹಿಮಸಾರಂಗಗಳ ಮೇಲೆ. ಮರಿ ಹಾಕಿದ ಹೊಸದರಲ್ಲೇ ಸೊಳ್ಳೆ ಏಳುತ್ತದೆ. ಮೇಯುವುದು ಬಿಟ್ಟು ಗಾಳಿ ಬೀಸುವ ದಿಣ್ಣೆಗೆ, ಕರಗದೆ ಉಳಿದ ಹಿಮದ ತುಂಡುಗಳ ಮೇಲೆ ಓಡಿಹೋಗಿ ಒತ್ತೊತ್ತಾಗಿ ನಿಲ್ಲುತ್ತವೆ. ಬೇಸಿಗೆಯಲ್ಲಿ ತಿಂದು ಕೊಬ್ಬು ಮಾಡಿಕೊಳ್ಳದಿದ್ದರೆ ಚಳಿಗಾಲ ದಾಟುವುದು ಹೇಗೆ? ಅವನ್ನು ಸಾಕುವ ಸಾಮಿ ಜನ ಹಸಿ ಸೊಪ್ಪು ಹಾಕಿ ಹೊಗೆ ಎಬ್ಬಿಸುತ್ತಾರೆ, ಸಾರಂಗಗಳು ತಾವಾಗೇ ಬಂದು ಹೊಗೆಯಲ್ಲಿ ನಿಲ್ಲುತ್ತವೆ. ನಮ್ಮ ಮಲೆನಾಡಿನಲ್ಲಿ ಮಳೆಗಾಲದ ಸಂಜೆ ಕೊಟ್ಟಿಗೆಗೆ ಹೊಗೆ ಹಾಕಿದರೆ ದನಗಳು ಅದರ ಕಡೆಗೇ ಸರಿಯುವುದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಈ ಸೊಳ್ಳೆ, ನೊಣಗಳ ಕಾಲಕ್ಕೇ ಫಿನ್ಲೆಂಡಿನ ಉತ್ತರ ತುದಿಯ ಲ್ಯಾಪ್‌ಲ್ಯಾಂಡಿನ ಜನ ರಾಕ್ಕಾ ಅಂತ ಒಂದು ಹೆಸರು ಇಟ್ಟಿದ್ದಾರೆ.

ಕೊನೆಯಲ್ಲಿ ಒಬ್ಬ ಹುಡುಗ, ಏಳನೇ ತರಗತಿ ಇರಬೇಕು, ಎದ್ದು ನಿಂತು ಕೇಳಿದ: "ಆಂಟಿ, ನೀವು ನೋಡಿದ್ದ ಹೊಂಡದಲ್ಲಿ ಈಗ ಏನಿದೆ?"

ಅವನಿಗೆ ನನ್ನ ಫೋನ್ ತೋರಿಸಿದೆ. ಜನವರಿಯಲ್ಲಿ ಅಕ್ಕನ ಮಗ ಹಿಮದ ಮೇಲೆ ಸ್ಕೀ ಹಾಕಿಕೊಂಡು ಅದೇ ಜಾಗಕ್ಕೆ ಹೋಗಿದ್ದ. ನಡುಮಧ್ಯಾಹ್ನ, ಆದರೆ ಚಿತ್ರದಲ್ಲಿ ಆಕಾಶ ನೇರಳೆ. ಹಲಗೆ ದಾರಿ ಕಾಣುವುದಿಲ್ಲ, ಅದರ ಬೋರ್ಡಿನ ತುದಿ ಮಾತ್ರ ಹಿಮದಿಂದ ಮೇಲೆ ಇದೆ. ಪಕ್ಕದಲ್ಲಿ ಅವನು ಕೈಕೋಲು ಊರಿದ್ದಾನೆ, ಅರ್ಧಕ್ಕಿಂತ ಜಾಸ್ತಿ ಒಳಗೆ ಇಳಿದಿದೆ. ಕೆಳಗೆ ಬರೆದಿದ್ದ: "ಚಿಕ್ಕಮ್ಮ, ನಿಮ್ಮ ಹೊಂಡ ಇಲ್ಲೇ ಕೆಳಗಿದೆ. ಬಿಸಿಲು ಬೀಳೋ ಕಡೆ ತುಳಿದಿಲ್ಲ."